ಹತ್ತೊಂಬತ್ತು ಪತ್ರ, ಐದು ದಿನ, ಒಂದು ಸರ್ಕಾರ

ಟೀವಿಯಲ್ಲಿ 'ಬಹುಮತ ಸಾಬೀತು' ಅನ್ನೋ ಎರಡು ಪದ ಕಂಡ ಕೂಡಲೇ ನಮ್ಮಲ್ಲಿ ಬಹಳಷ್ಟು ಜನ ಚಾನೆಲ್ ಬದಲಾಯಿಸಿಬಿಡ್ತೀವಿ. ರೆಸಾರ್ಟು, ಬಸ್ಸು, ಕಿಟಕಿಯಿಂದ ಕೈ ಬೀಸುವ ಶಾಸಕರು, ಸ್ಪೀಕರ್ ಮುಂದೆ ಗದ್ದಲ, ಕೊನೆಗೆ ಪರ ಎಷ್ಟು ವಿರೋಧ ಎಷ್ಟು ಅನ್ನೋ ಲೆಕ್ಕ. ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಎರಡು ಮೀಮು, ಒಂದಿಷ್ಟು ನಗು, ಆಮೇಲೆ 'ಎಲ್ಲಾ ಒಂದೇ ಬಿಡಿ ಗುರು' ಅನ್ನೋ ತೀರ್ಪು. ಅಲ್ಲಿಗೆ ಕಥೆ ಮುಗೀತು.

ನಗೋದು ತಪ್ಪಲ್ಲ. ಆದರೆ ಒಂದು ವಿಷಯ ಗೊತ್ತಿರಲಿ. ರಾಜ್ಯ ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಅನ್ನೋದು ವಿಧಾನಸಭೆಯ ಒಳಗೇ, ಎಲ್ಲರ ಕಣ್ಣೆದುರೇ, ತಲೆ ಎಣಿಸಿಯೇ ತೀರ್ಮಾನ ಆಗಬೇಕು ಅನ್ನೋ ನಿಯಮ ಸಂವಿಧಾನದ ಜೊತೆಗೇ ಹುಟ್ಟಿದ್ದಲ್ಲ. ಅದು ಗಟ್ಟಿಯಾಗಿದ್ದು 1994ರಲ್ಲಿ. ಅಲ್ಲಿಯವರೆಗೆ ದೆಹಲಿಯಲ್ಲಿ ಒಂದು ಸಹಿ ಬಿದ್ದರೆ ಸಾಕಿತ್ತು. ಆ ನಿಯಮ ಬಂದಿದ್ದು ನಮ್ಮದೇ ರಾಜ್ಯದ ಮುಖ್ಯಮಂತ್ರಿಯೊಬ್ಬರು ಐದು ದಿನದಲ್ಲಿ ಕುರ್ಚಿ ಕಳಕೊಂಡು, ಐದು ವರ್ಷ ಕೋರ್ಟಿನಲ್ಲಿ ಹೋರಾಡಿದ್ದರಿಂದ. ದೇಶದ ಯಾವ ಮೂಲೆಯ ಕಾನೂನು ವಿದ್ಯಾರ್ಥಿಯನ್ನು ಕೇಳಿದರೂ 'ಬೊಮ್ಮಾಯಿ ಕೇಸ್' ಗೊತ್ತಿರುತ್ತೆ. ಬೆಂಗಳೂರಿನಲ್ಲಿ ಕೂತಿರೋ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು ಅನ್ನೋದು ಬೇರೆ ಪ್ರಶ್ನೆ.

ಕಥೆ ಶುರು ಮಾಡೋಕೆ ಸ್ವಲ್ಪ ಹಿಂದೆ ಹೋಗಬೇಕು.

ಸಂವಿಧಾನದ 356ನೇ ವಿಧಿಯನ್ನೇ ನಾವು ಆಡುಮಾತಲ್ಲಿ ರಾಷ್ಟ್ರಪತಿ ಆಳ್ವಿಕೆ ಅನ್ನೋದು. ಒಂದು ರಾಜ್ಯದ ಆಡಳಿತ ಸಂವಿಧಾನದ ಪ್ರಕಾರ ನಡೆಯೋ ಸ್ಥಿತಿಯಲ್ಲಿಲ್ಲ ಅಂತ ರಾಷ್ಟ್ರಪತಿಗೆ ಮನವರಿಕೆಯಾದರೆ, ಅವರು ಆ ರಾಜ್ಯದ ಆಡಳಿತವನ್ನು ಕೈಗೆ ತಗೊಳ್ಳಬಹುದು. ರಾಷ್ಟ್ರಪತಿ ಅಂದರೆ ಇಲ್ಲಿ ಕೇಂದ್ರ ಸಂಪುಟ ಅಂತಲೇ ಓದಿಕೊಳ್ಳಬೇಕು, ಯಾಕಂದರೆ ಸಂಪುಟದ ಸಲಹೆಯಂತೆ ಅವರು ನಡೆಯಬೇಕು. ಮನವರಿಕೆ ಆಗೋದು ಹೇಗೆ? ರಾಜ್ಯಪಾಲರ ವರದಿಯಿಂದ, 'ಅಥವಾ ಬೇರೆ ರೀತಿಯಿಂದ'.

ಈ ಐಡಿಯಾ ಸ್ವತಂತ್ರ ಭಾರತದ್ದಲ್ಲ. ಬ್ರಿಟಿಷರು ತಂದ 1935ರ ಭಾರತ ಸರ್ಕಾರ ಕಾಯ್ದೆಯಲ್ಲಿ 93ನೇ ಸೆಕ್ಷನ್ ಅಂತ ಇತ್ತು. ಚುನಾಯಿತ ಸರ್ಕಾರ ನಡೆಯದಿದ್ದರೆ ಪ್ರಾಂತ್ಯವನ್ನು ಗವರ್ನರ್ ನೇರವಾಗಿ ಆಳಬಹುದು ಅಂತ. 1939ರಲ್ಲಿ, ಭಾರತೀಯರನ್ನು ಕೇಳದೆ ದೇಶವನ್ನು ಯುದ್ಧಕ್ಕೆ ಎಳೆದಿದ್ದನ್ನು ವಿರೋಧಿಸಿ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟಾಗ ಗವರ್ನರ್‌ಗಳು ಆಳಿದ್ದು ಇದೇ ಸೆಕ್ಷನ್ನಿನ ಬಲದಿಂದ. ಅಂದರೆ ನಮ್ಮ ನಾಯಕರು ಯಾವ ಹತಾರವನ್ನು ಬೈದಿದ್ದರೋ, ಅದರದ್ದೇ ಒಂದು ರೂಪ ಹತ್ತು ವರ್ಷದ ನಂತರ ನಮ್ಮ ಸಂವಿಧಾನದ ಒಳಗೆ ಬಂತು.

ಸುಮ್ಮನೆ ಬರಲಿಲ್ಲ, ಜಗಳ ಆಗಿಯೇ ಬಂತು. 1949ರ ಆಗಸ್ಟ್ 3 ಮತ್ತು 4ರಂದು ಸಂವಿಧಾನ ರಚನಾ ಸಭೆಯಲ್ಲಿ ಇದರ ಮೇಲೆ ಚರ್ಚೆ ನಡೆಯಿತು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಜೋರಾಗಿ ವಿರೋಧಿಸಿದರು. ಆ 'ಬೇರೆ ರೀತಿಯಿಂದ' ಅನ್ನೋ ಪದದ ಅರ್ಥ ಏನು, ದೇವರಿಗೇ ಗೊತ್ತು ಅನ್ನೋ ಧಾಟಿಯಲ್ಲಿ ಅವರು ಚುಚ್ಚಿದರು. ಅಂಬೇಡ್ಕರ್ ಉತ್ತರ ಕೊಟ್ಟರು. ದುರುಪಯೋಗ ಆಗೋದೇ ಇಲ್ಲ ಅಂತ ಅವರು ಹೇಳಲಿಲ್ಲ. ಈ ವಿಧಿ ಬಳಕೆಗೇ ಬಾರದೆ ಪುಸ್ತಕದಲ್ಲೇ ಉಳೀಲಿ, ಒಂದು ವೇಳೆ ಬಳಸಬೇಕಾಗಿ ಬಂದರೆ ರಾಷ್ಟ್ರಪತಿ ಮೊದಲು ರಾಜ್ಯಕ್ಕೆ ಎಚ್ಚರಿಕೆ ಕೊಡಲಿ, ಅದೂ ಸಾಲದಿದ್ದರೆ ಚುನಾವಣೆ ನಡೆಸಿ ಜನರನ್ನೇ ಕೇಳಲಿ, ಎಲ್ಲಾ ಮುಗಿದ ಮೇಲೆ ಇದು ಅಂತ ಆಶಿಸಿದರು.

ಆಶೆ ಆಶೆಯಾಗಿಯೇ ಉಳಿಯಿತು. ಸಂವಿಧಾನ ಜಾರಿಯಾಗಿ ಒಂದೂವರೆ ವರ್ಷ ತುಂಬೋದರೊಳಗೆ, 1951ರ ಜೂನ್‌ನಲ್ಲಿ, ಪಂಜಾಬಿನಲ್ಲಿ ಮೊದಲ ಬಾರಿಗೆ ಈ ವಿಧಿ ಬಳಕೆಯಾಯ್ತು. ಅಲ್ಲಿ ಇದ್ದದ್ದು ಕಾಂಗ್ರೆಸ್ ಸರ್ಕಾರವೇ, ಜಗಳ ಪಕ್ಷದ ಒಳಗಿನದ್ದು. 1959ರ ಜುಲೈ 31ರಂದು ಕೇರಳದಲ್ಲಿ ಇಎಂಎಸ್ ನಂಬೂದಿರಿಪಾಡರ ಕಮ್ಯುನಿಸ್ಟ್ ಸರ್ಕಾರವನ್ನು ವಜಾ ಮಾಡಿದರು. ಅವರಿಗೆ ವಿಧಾನಸಭೆಯಲ್ಲಿ ಬಹುಮತ ಇತ್ತು ಅನ್ನೋದನ್ನು ಗಮನಿಸಿ. ಬೀದಿಯಲ್ಲಿ ಚಳವಳಿ ಜೋರಾಗಿತ್ತು, ಅದೇ ಕಾರಣವಾಯಿತು.

ಈಗ ಇಂದಿರಾ ಗಾಂಧಿಯನ್ನು ಬೈದು ಮುಂದೆ ಹೋಗಿಬಿಡೋಣ ಅನಿಸುತ್ತೆ. ಇತಿಹಾಸ ಅಷ್ಟು ಸಲೀಸಾಗಿಲ್ಲ. ತುರ್ತು ಪರಿಸ್ಥಿತಿ ಮುಗಿದ ಮೇಲೆ, ಪ್ರಜಾಪ್ರಭುತ್ವವನ್ನು ಉಳಿಸ್ತೀವಿ ಅಂತ ಅಧಿಕಾರಕ್ಕೆ ಬಂದ ಜನತಾ ಸರ್ಕಾರವೇ 1977ರ ಏಪ್ರಿಲ್ 30ರಂದು ಒಂದೇ ಏಟಿಗೆ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ಮನೆಗೆ ಕಳಿಸಿತು. ಕಾರಣ ಏನು? ಲೋಕಸಭೆಯಲ್ಲಿ ಕಾಂಗ್ರೆಸ್ ಅಲ್ಲೆಲ್ಲ ಸೋತಿದೆ, ಹಾಗಾಗಿ ಜನರ ವಿಶ್ವಾಸ ಉಳಿದಿಲ್ಲ. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಳು ನ್ಯಾಯಮೂರ್ತಿಗಳ ಪೀಠ ಕೇಂದ್ರವನ್ನು ತಡೆಯಲಿಲ್ಲ. 1980ರ ಜನವರಿಯಲ್ಲಿ ಇಂದಿರಾ ವಾಪಸ್ ಬಂದರು, ಫೆಬ್ರವರಿಯಲ್ಲಿ ಅದೇ ತರ್ಕ, ಅದೇ ಲೆಕ್ಕ, ಒಂಬತ್ತು ರಾಜ್ಯಗಳು. ಬಡ್ಡಿಯಿಲ್ಲದೆ ಅಸಲು ತೀರಿಸಿದ ಹಾಗೆ.

ನಮ್ಮ ರಾಜ್ಯದ ಸರದಿಯೂ ಬಂದಿತ್ತು. 1977ರ ಡಿಸೆಂಬರ್ 31ರಂದು, ಹೊಸ ವರ್ಷಕ್ಕೆ ಒಂದು ದಿನ ಇರುವಾಗ, ದೇವರಾಜ ಅರಸು ಸರ್ಕಾರವನ್ನು ಕೇಂದ್ರದ ಜನತಾ ಸರ್ಕಾರ ವಜಾ ಮಾಡಿತು. ಎರಡು ತಿಂಗಳಲ್ಲಿ ಚುನಾವಣೆ ನಡೆದು ಅರಸು ಗೆದ್ದು ವಾಪಸ್ ಬಂದರು. ಹನ್ನೊಂದು ವರ್ಷದ ನಂತರ ಇದೇ ವಿಧಿಯ ಪೆಟ್ಟು ತಿಂದ ಎಸ್.ಆರ್. ಬೊಮ್ಮಾಯಿ ಬಂದಿದ್ದು ಅದೇ ಜನತಾ ಬಳಗದಿಂದ ಅನ್ನೋದನ್ನು ನೆನಪಿಟ್ಟುಕೊಳ್ಳಿ. ಈ ಕಥೆಯಲ್ಲಿ ಕೈ ತೊಳೆದುಕೊಂಡು ನಿಂತ ಪಕ್ಷ ಯಾವುದೂ ಇಲ್ಲ.

ಈ ನಡುವೆ ರಾಜ್ಯಗಳು ಸುಮ್ಮನೆ ಕೂತಿರಲಿಲ್ಲ. 1983ರ ಮಾರ್ಚ್‌ನಲ್ಲಿ ರಾಮಕೃಷ್ಣ ಹೆಗಡೆ ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿಗೆ ಕರೆದರು. ಎನ್‌ಟಿಆರ್ ಬಂದರು, ಎಂಜಿಆರ್ ಬಂದರು, ಪಾಂಡಿಚೇರಿಯ ಮುಖ್ಯಮಂತ್ರಿ ಬಂದರು. ಕೇಂದ್ರ ಮತ್ತು ರಾಜ್ಯಗಳ ನಡುವಿನ ಹಣ, ಅಧಿಕಾರ ಎಲ್ಲವನ್ನೂ ಮತ್ತೆ ಪರಿಶೀಲಿಸಿ ಅನ್ನೋದು ಬೇಡಿಕೆ. ಅದೇ ತಿಂಗಳು ಕೇಂದ್ರ ಒಂದು ಆಯೋಗ ಘೋಷಿಸಿತು. ಅದೇ ಸರ್ಕಾರಿಯಾ ಆಯೋಗ. ಅದು ಕೊಟ್ಟ ದೊಡ್ಡ ವರದಿಯಲ್ಲಿ 356ರ ಬಗ್ಗೆಯೂ ಹೇಳಿತ್ತು: ಇದು ಬೇರೆ ದಾರಿಯೇ ಇಲ್ಲದಾಗ ಬಳಸಬೇಕಾದದ್ದು, ಬಹುಮತದ ಪ್ರಶ್ನೆ ಬಂದರೆ ಸದನದಲ್ಲೇ ಪರೀಕ್ಷೆಯಾಗಲಿ ಅಂತ. ವರದಿ ಬಂತು, ಕಪಾಟು ಸೇರಿತು. ಒಂದೂವರೆ ವರ್ಷದೊಳಗೆ ಬೆಂಗಳೂರಿನಲ್ಲಿ ಅದರ ಉಲ್ಟಾ ನಡೆಯಿತು.

ಬೊಮ್ಮಾಯಿ ಈಗಿನ ಹಾವೇರಿ ಜಿಲ್ಲೆಯ ಕಾರಡಗಿಯವರು. ಹುಬ್ಬಳ್ಳಿಯಲ್ಲಿ ವಕೀಲಿಕೆ ಮಾಡಿದವರು, ಎಂ.ಎನ್. ರಾಯ್ ವಿಚಾರಗಳಿಗೆ ಮನಸೋತವರು. ಟೆಲಿಫೋನ್ ಕದ್ದಾಲಿಕೆಯ ಗದ್ದಲದಲ್ಲಿ ಹೆಗಡೆ ರಾಜೀನಾಮೆ ಕೊಟ್ಟ ಮೇಲೆ 1988ರ ಆಗಸ್ಟ್ 13ರಂದು ಮುಖ್ಯಮಂತ್ರಿಯಾದರು. 1985ರಲ್ಲಿ ಜನತಾ ಪಕ್ಷ 224ರಲ್ಲಿ 139 ಸ್ಥಾನ ಗೆದ್ದಿತ್ತು. ಕಾಗದದ ಮೇಲೆ ಕುರ್ಚಿ ಭದ್ರ. ಆದರೆ ಪಕ್ಷ ಒಳಗೇ ಸೀಳುತ್ತಿತ್ತು. ಲೋಕದಳದ ಜೊತೆ ಸೇರಿ ಜನತಾ ದಳ ಆಗೋ ಹೊತ್ತಿಗೆ ಮುನಿಸುಗಳು ಇನ್ನೂ ಹೆಚ್ಚಾಗಿದ್ದವು. 1989ರ ಏಪ್ರಿಲ್ 15ರಂದು ಬೊಮ್ಮಾಯಿ ಹದಿಮೂರು ಜನರನ್ನು ಸೇರಿಸಿಕೊಂಡು ಸಂಪುಟ ವಿಸ್ತರಿಸಿದರು. ಸಿಗದವರಿಗೆ ಸಿಟ್ಟು ಬಂತು. ಇದೆಲ್ಲ ಇವತ್ತಿಗೂ ಹೊಸದಲ್ಲ, ಅಲ್ವಾ?

ಇನ್ನು ಮುಂದಿನದ್ದನ್ನು ದಿನದ ಲೆಕ್ಕದಲ್ಲೇ ನೋಡಬೇಕು.

ಏಪ್ರಿಲ್ 17. ಕೆ.ಆರ್. ಮೊಳಕೇರಿ ಎಂಬ ಶಾಸಕರು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ ತಮ್ಮ ಬೆಂಬಲ ವಾಪಸ್ ಪಡೆದ ಪತ್ರ ಕೊಡುತ್ತಾರೆ. ಜೊತೆಗೆ ಇನ್ನೂ ಹತ್ತೊಂಬತ್ತು ಶಾಸಕರದ್ದು ಅಂತ ಹೇಳಲಾದ ಹತ್ತೊಂಬತ್ತು ಪತ್ರಗಳು.

ಏಪ್ರಿಲ್ 19. ರಾಜ್ಯಪಾಲರು ರಾಷ್ಟ್ರಪತಿಗೆ ವರದಿ ಬರೆಯುತ್ತಾರೆ. ಬೊಮ್ಮಾಯಿ ಬಹುಮತ ಕಳಕೊಂಡಿದ್ದಾರೆ, ಬೇರೆ ಯಾರೂ ಸರ್ಕಾರ ಮಾಡೋ ಸ್ಥಿತಿಯಲ್ಲಿಲ್ಲ, 356 ಬಳಸಿ ಅಂತ. ಇದಕ್ಕೆ ಮುಂಚೆ ಮುಖ್ಯಮಂತ್ರಿಯನ್ನು ಕರೆದು 'ಏನ್ರೀ ಇದು, ಈ ಪತ್ರಗಳ ಬಗ್ಗೆ ಏನು ಹೇಳ್ತೀರಿ' ಅಂತ ಒಂದು ಮಾತು ಕೇಳಿರಲಿಲ್ಲ.

ಏಪ್ರಿಲ್ 20. ಹತ್ತೊಂಬತ್ತರಲ್ಲಿ ಏಳು ಜನ ರಾಜ್ಯಪಾಲರಿಗೆ ಪತ್ರ ಬರೆದು, ನಮ್ಮಿಂದ ತಪ್ಪು ತಿಳಿವಳಿಕೆ ಕೊಟ್ಟು ಸಹಿ ಹಾಕಿಸಿಕೊಂಡರು, ನಮ್ಮ ಬೆಂಬಲ ಸರ್ಕಾರಕ್ಕೇ ಇದೆ ಅನ್ನುತ್ತಾರೆ. ಅದೇ ದಿನ ಸಂಪುಟ ಸಭೆ ಸೇರಿ ಒಂದು ವಾರದೊಳಗೆ, ಏಪ್ರಿಲ್ 27ಕ್ಕೆ, ವಿಧಾನಸಭೆ ಕರೆಯೋಕೆ ತೀರ್ಮಾನಿಸುತ್ತೆ. ಬೊಮ್ಮಾಯಿ ಕಾನೂನು ಸಚಿವರ ಜೊತೆ ರಾಜಭವನಕ್ಕೆ ಹೋಗಿ, ಬೇಕಾದರೆ ಅದಕ್ಕೂ ಮುಂಚೆಯೇ ಸದನ ಕರೆಯೋಣ, ಅಲ್ಲೇ ಬಹುಮತ ತೋರಿಸ್ತೀನಿ ಅನ್ನುತ್ತಾರೆ. ರಾಷ್ಟ್ರಪತಿಗೂ ಟೆಲೆಕ್ಸ್ ಕಳಿಸುತ್ತಾರೆ. ರಾಜ್ಯಪಾಲರು ಆವತ್ತೇ ಎರಡನೇ ವರದಿ ಬರೆದು ಮೊದಲಿನ ಮಾತನ್ನೇ ಮತ್ತೆ ಹೇಳುತ್ತಾರೆ.

ಏಪ್ರಿಲ್ 21. ರಾಷ್ಟ್ರಪತಿಯವರ ಘೋಷಣೆ ಹೊರಬೀಳುತ್ತೆ. ಸರ್ಕಾರ ವಜಾ, ವಿಧಾನಸಭೆ ವಿಸರ್ಜನೆ. ದೆಹಲಿಯಲ್ಲಿ ಆಗ ರಾಜೀವ್ ಗಾಂಧಿ ಸರ್ಕಾರ. ರಾಷ್ಟ್ರಪತಿ ಆರ್. ವೆಂಕಟರಾಮನ್.

ಐದು ದಿನ. ಸದನ ಸೇರೋಕೆ ಆರು ದಿನ ಬಾಕಿ ಇತ್ತು.

ನಾನು ದಿನಾ ಮಾಡೋ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಟೆಸ್ಟ್ ರನ್ ಮಾಡೋಕೆ ದಿನಾಂಕ ಫಿಕ್ಸ್ ಆಗಿತ್ತು, ಬೇಕಾದರೆ ಇವತ್ತೇ ಮಾಡೋಣ ಅಂತಲೂ ಹೇಳಿದ್ದರು, ಆದರೆ ಟೆಸ್ಟ್ ಮಾಡದೆಯೇ 'ಫೇಲ್' ಅಂತ ರಿಪೋರ್ಟ್ ಬರೆದು ಸರ್ವರ್ ಆಫ್ ಮಾಡಿದರು. ಬೊಮ್ಮಾಯಿಗೆ ಸದನದಲ್ಲಿ ಬಹುಮತ ಸಿಗುತ್ತಿತ್ತಾ? ಸಿಗದೇ ಇರಬಹುದಿತ್ತು. ಹತ್ತೊಂಬತ್ತರಲ್ಲಿ ಏಳು ಕಳೆದರೂ ಹನ್ನೆರಡು ಉಳಿಯುತ್ತೆ. ಅವರು ಗೆಲ್ಲುತ್ತಿದ್ದರೋ ಸೋಲುತ್ತಿದ್ದರೋ ಅನ್ನೋದು ಇಲ್ಲಿ ಮುಖ್ಯವೇ ಅಲ್ಲ. ಎಣಿಸೋ ಅಧಿಕಾರ ಯಾರದ್ದು, ಎಣಿಕೆ ಎಲ್ಲಿ ನಡೆಯಬೇಕು ಅನ್ನೋದಷ್ಟೇ ಪ್ರಶ್ನೆ. ಕೋಟ್ಯಂತರ ಜನ ಓಟು ಹಾಕಿ ಆರಿಸಿದ ಸದನಕ್ಕೋ, ಕೇಂದ್ರ ನೇಮಿಸಿದ ಒಬ್ಬ ವ್ಯಕ್ತಿಯ ಮೇಜಿನ ಮೇಲಿನ ಪತ್ರಗಳಿಗೋ?

ಬೊಮ್ಮಾಯಿ ಏಪ್ರಿಲ್ 26ರಂದೇ ಕರ್ನಾಟಕ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದರು. ಮೂವರು ನ್ಯಾಯಮೂರ್ತಿಗಳ ಪೀಠ ಅರ್ಜಿಯನ್ನು ವಜಾ ಮಾಡಿತು. ಸದನದಲ್ಲಿ ಬಹುಮತ ಪರೀಕ್ಷೆ ಕಡ್ಡಾಯವೇನಲ್ಲ, ರಾಜ್ಯಪಾಲರ ವರದಿಯಲ್ಲಿರೋ ಸಂಗತಿಗಳು ಅಪ್ರಸ್ತುತ ಅನ್ನೋಕಾಗಲ್ಲ ಅನ್ನೋದು ಅಲ್ಲಿನ ತೀರ್ಪಿನ ಸಾರ. ಆಗಿನ ಕಾನೂನಿನ ಮಟ್ಟಿಗೆ ಇದು ವಿಚಿತ್ರವಾದ ತೀರ್ಪೂ ಅಲ್ಲ. 1977ರಲ್ಲಿ ಸುಪ್ರೀಂ ಕೋರ್ಟೇ ಕೇಂದ್ರಕ್ಕೆ ಅಷ್ಟು ದೊಡ್ಡ ಅಂಗಳ ಬಿಟ್ಟುಕೊಟ್ಟಿತ್ತು. ಅರ್ಜಿ ದೆಹಲಿಗೆ ಹೋಯಿತು.

ಅಷ್ಟರಲ್ಲಿ ಕರ್ನಾಟಕ ಮುಂದೆ ಹೋಗಿಯಾಗಿತ್ತು. ಏಳು ತಿಂಗಳು ರಾಷ್ಟ್ರಪತಿ ಆಳ್ವಿಕೆ ನಡೆದು, ನವೆಂಬರ್‌ನಲ್ಲಿ ಲೋಕಸಭೆಯ ಜೊತೆಗೇ ವಿಧಾನಸಭಾ ಚುನಾವಣೆಯೂ ಆಯ್ತು. ಕಾಂಗ್ರೆಸ್ 178 ಸ್ಥಾನ ಗೆದ್ದು ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ಜನತಾ ದಳ 24ಕ್ಕೆ ಇಳಿಯಿತು. ರಾಜಕೀಯವಾಗಿ ಬೊಮ್ಮಾಯಿ ಕೇಸು ಅಲ್ಲಿಗೇ ಸತ್ತಿತ್ತು. ಜನರೇ ತೀರ್ಪು ಕೊಟ್ಟಾಯ್ತಲ್ಲ, ಇನ್ಯಾಕೆ ಕೋರ್ಟು ಅಂತ ಯಾರಾದರೂ ಕೇಳಬಹುದಿತ್ತು. ಆದರೂ ಕೇಸು ನಡೆಯಿತು.

ಮತ್ತು ಅದರ ಹಿಂದೆ ಸಾಲು ಬೆಳೆಯಿತು. 1988ರ ಆಗಸ್ಟ್‌ನಲ್ಲಿ ನಾಗಾಲ್ಯಾಂಡ್, 1991ರ ಅಕ್ಟೋಬರ್‌ನಲ್ಲಿ ಮೇಘಾಲಯ. 1992ರ ಡಿಸೆಂಬರ್ 6ರಂದು ಬಾಬ್ರಿ ಮಸೀದಿ ಧ್ವಂಸವಾದ ಮೇಲೆ, ಡಿಸೆಂಬರ್ 15ರಂದು ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಬಿಜೆಪಿ ಸರ್ಕಾರಗಳೂ ವಜಾ ಆದವು. ಎಲ್ಲವೂ ಒಂಬತ್ತು ನ್ಯಾಯಮೂರ್ತಿಗಳ ಒಂದೇ ಪೀಠದ ಮುಂದೆ ಬಂದವು. ಆರು ರಾಜ್ಯಗಳ ಕಥೆಗೆ ಹುಬ್ಬಳ್ಳಿಯ ವಕೀಲರ ಹೆಸರೇ ನಿಂತಿತು.

1994ರ ಮಾರ್ಚ್ 11ರಂದು ತೀರ್ಪು ಬಂತು. ಅಷ್ಟು ಹೊತ್ತಿಗೆ 356ನೇ ವಿಧಿ ತೊಂಬತ್ತಕ್ಕೂ ಹೆಚ್ಚು ಬಾರಿ ಬಳಕೆಯಾಗಿತ್ತು. ಒಂಬತ್ತೂ ಜನ ಎಲ್ಲದರಲ್ಲೂ ಒಂದೇ ಅಭಿಪ್ರಾಯ ಹೊಂದಿರಲಿಲ್ಲ, ಬೇರೆ ಬೇರೆ ತೀರ್ಪುಗಳನ್ನೇ ಬರೆದರು. ಆದರೆ ಬಹುಮತದ ಸಾರ ಹೀಗಿತ್ತು.

ಒಂದು, ರಾಷ್ಟ್ರಪತಿಯವರ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು. ಸಂಪುಟ ಏನು ಸಲಹೆ ಕೊಟ್ಟಿತು ಅಂತ ಕೇಳೋಕಾಗಲ್ಲ, ಆದರೆ ಯಾವ ಆಧಾರದ ಮೇಲೆ ಕೊಟ್ಟಿತು ಅನ್ನೋ ದಾಖಲೆಗಳನ್ನು ತರಿಸಿ ನೋಡಬಹುದು. ಎರಡು, ಬಹುಮತ ಇದೆಯೋ ಇಲ್ಲವೋ ಅನ್ನೋದು ರಾಜ್ಯಪಾಲರ ಖಾಸಗಿ ಅಂದಾಜಿನ ವಿಷಯ ಅಲ್ಲ, ಅದನ್ನು ತೀರ್ಮಾನಿಸಬೇಕಾದ ಜಾಗ ಸದನ. ಮೂರು, ಸಂಸತ್ತಿನ ಎರಡೂ ಮನೆಗಳು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಅಮಾನತಿನಲ್ಲಿ ಇಡಬಹುದು ಅಷ್ಟೇ. ನಾಲ್ಕು, ಘೋಷಣೆ ತಪ್ಪು ಅಂತಾದರೆ ಕೋರ್ಟು ಹಳೇ ಸರ್ಕಾರವನ್ನೇ ವಾಪಸ್ ಕೂರಿಸಬಹುದು. ಇದರ ಹಿಂದೆ ಒಂದು ದೊಡ್ಡ ಮಾತಿತ್ತು: ರಾಜ್ಯಗಳು ಕೇಂದ್ರದ ಬಾಲಂಗೋಚಿಗಳಲ್ಲ, ತಮಗೆ ಕೊಟ್ಟ ವಿಷಯಗಳಲ್ಲಿ ಅವು ತಾವೇ ಯಜಮಾನರು, ಒಕ್ಕೂಟ ವ್ಯವಸ್ಥೆ ಸಂವಿಧಾನದ ಮೂಲ ರಚನೆಯ ಭಾಗ.

ಕರ್ನಾಟಕ, ನಾಗಾಲ್ಯಾಂಡ್, ಮೇಘಾಲಯದ ಘೋಷಣೆಗಳು ಅಸಾಂವಿಧಾನಿಕ ಅಂತ ತೀರ್ಪಾಯ್ತು. ಮೂರು ಬಿಜೆಪಿ ರಾಜ್ಯಗಳ ವಜಾವನ್ನು ಕೋರ್ಟು ಎತ್ತಿಹಿಡಿಯಿತು. ಜಾತ್ಯತೀತತೆಯೂ ಮೂಲ ರಚನೆಯ ಭಾಗ, ಅದಕ್ಕೆ ವಿರುದ್ಧವಾಗಿ ನಡೆಯೋ ಸರ್ಕಾರದ ಮೇಲೆ 356 ಬಳಸಬಹುದು ಅಂತ. ಹಾಗಾಗಿ ಇದು ರಾಜ್ಯಗಳಿಗೆ ಪೂರ್ತಿ ಗೆಲುವು ಅಂತ ಹೇಳೋಕಾಗಲ್ಲ. ಹತಾರವನ್ನು ಕೋರ್ಟು ಕಿತ್ತುಕೊಳ್ಳಲಿಲ್ಲ. ಬಳಸಿದರೆ ಲೆಕ್ಕ ಕೊಡಬೇಕು ಅಂದಿತು.

ಬೊಮ್ಮಾಯಿಗೆ ಏನು ಸಿಕ್ಕಿತು? ಏನೂ ಇಲ್ಲ. ಹೊಸ ಚುನಾವಣೆಗಳು ನಡೆದುಹೋಗಿರೋದರಿಂದ ಈಗ ಪರಿಹಾರ ಕೊಡೋಕಾಗಲ್ಲ ಅಂತ ಕೋರ್ಟೇ ಹೇಳಿತು. ಐದು ವರ್ಷದ ನಂತರ 'ನಿಮ್ಮನ್ನು ತೆಗೆದಿದ್ದು ತಪ್ಪು' ಅನ್ನೋ ಒಂದು ವಾಕ್ಯ ಸಿಕ್ಕಿತು. ಅವರು ಮತ್ತೆ ಮುಖ್ಯಮಂತ್ರಿ ಆಗಲೇ ಇಲ್ಲ.

ಲಾಭ ಆಗಿದ್ದು ಬೇರೆಯವರಿಗೆ. ಅದರಲ್ಲೂ ಒಂದು ಪ್ರಸಂಗ ಮಜವಾಗಿದೆ. 1997ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರ ಸದನದಲ್ಲಿ ವಿಶ್ವಾಸಮತ ಗೆದ್ದಿದ್ದರೂ ಅಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಿ ಅಂತ ಐ.ಕೆ. ಗುಜ್ರಾಲ್ ಸಂಪುಟ ಶಿಫಾರಸು ಮಾಡಿತು. ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅದನ್ನು ಮರುಪರಿಶೀಲಿಸಿ ಅಂತ ವಾಪಸ್ ಕಳಿಸಿದರು. ಸಂಪುಟ ಹಿಂದೆ ಸರಿಯಿತು. ಆ ಸಂಪುಟದಲ್ಲಿ ಮಾನವ ಸಂಪನ್ಮೂಲ ಸಚಿವರಾಗಿದ್ದವರು ಯಾರು ಗೊತ್ತಾ? ಎಸ್.ಆರ್. ಬೊಮ್ಮಾಯಿ. ಅಧಿಕಾರದ ಯಾವ ಬದಿಯಲ್ಲಿ ಕೂತಿದ್ದೀವಿ ಅನ್ನೋದರ ಮೇಲೆ ಒಕ್ಕೂಟ ವ್ಯವಸ್ಥೆ ಕಾಣಿಸೋ ರೀತಿಯೇ ಬೇರೆಯಾಗುತ್ತೆ. ಅದಕ್ಕೇ ನಿಯಮ ವ್ಯಕ್ತಿಗಳ ಒಳ್ಳೇತನದ ಮೇಲೆ ನಿಲ್ಲಬಾರದು.

1999ರಲ್ಲಿ ಬಿಹಾರದಲ್ಲಿ ಮೂರನೇ ಅಂಶ ಕೆಲಸ ಮಾಡಿತು. ವಾಜಪೇಯಿ ಸರ್ಕಾರ ರಾಬ್ಡಿ ದೇವಿ ಸರ್ಕಾರವನ್ನು ವಜಾ ಮಾಡಿತು, ಲೋಕಸಭೆ ಒಪ್ಪಿತು, ಆದರೆ ರಾಜ್ಯಸಭೆಯಲ್ಲಿ ಸಂಖ್ಯೆ ಇರಲಿಲ್ಲ. ಘೋಷಣೆ ವಾಪಸ್ ಆಯ್ತು. ವಿಧಾನಸಭೆ ಇನ್ನೂ ಜೀವಂತ ಇದ್ದದ್ದರಿಂದ ರಾಬ್ಡಿ ದೇವಿ ಅದೇ ಕುರ್ಚಿಗೆ ಮರಳಿದರು. 1989ರಲ್ಲಿ ಬೊಮ್ಮಾಯಿಗೆ ಇಲ್ಲದಿದ್ದ ದಾರಿ ಅದು.

2016ರಲ್ಲಿ ಉತ್ತರಾಖಂಡದ್ದು ಇನ್ನೂ ಹತ್ತಿರದ ಹೋಲಿಕೆ. ಮಾರ್ಚ್ 28ಕ್ಕೆ ಹರೀಶ್ ರಾವತ್ ಬಹುಮತ ತೋರಿಸಬೇಕಿತ್ತು, ಮಾರ್ಚ್ 27ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು. ಅದೇ ಹಳೇ ಚಾಳಿ. ಆದರೆ ಈ ಸಲ ಹೈಕೋರ್ಟು ಅದನ್ನು ರದ್ದು ಮಾಡಿತು. ದಿನಾಂಕ ಏಪ್ರಿಲ್ 21, ಬೊಮ್ಮಾಯಿ ಸರ್ಕಾರ ಬಿದ್ದು ಸರಿಯಾಗಿ 27 ವರ್ಷ. ಮೇ 10ರಂದು ಸುಪ್ರೀಂ ಕೋರ್ಟಿನ ಕಣ್ಗಾವಲಿನಲ್ಲಿ ಸದನದಲ್ಲಿ ಎಣಿಕೆ ನಡೆದು ರಾವತ್‌ಗೆ 33 ಮತ ಬಂತು, ಕುರ್ಚಿ ವಾಪಸ್ ಸಿಕ್ಕಿತು. ಅದೇ ವರ್ಷ ಜುಲೈನಲ್ಲಿ ಅರುಣಾಚಲದ ನಬಮ್ ತುಕಿ ಸರ್ಕಾರವನ್ನೂ ಸುಪ್ರೀಂ ಕೋರ್ಟು ಮರಳಿ ಕೂರಿಸಿತು. ಪರಿಹಾರ ಕೊಡೋಕಾಗಲ್ಲ ಅಂತ ಒಬ್ಬರಿಗೆ ಹೇಳಿದ ತೀರ್ಪು ಇನ್ನೊಬ್ಬರಿಗೆ ಪರಿಹಾರವಾಗಿತ್ತು.

ಪೂರ್ತಿ ಶ್ರೇಯಸ್ಸು ಕೋರ್ಟಿಗೇ ಕೊಡಬೇಕಿಲ್ಲ. 1989ರ ನಂತರ ದೆಹಲಿಯಲ್ಲಿ ಒಂದೇ ಪಕ್ಷದ ಬಹುಮತ ಅಪರೂಪವಾಯ್ತು. ಕೇಂದ್ರ ಸರ್ಕಾರವೇ ಪ್ರಾದೇಶಿಕ ಪಕ್ಷಗಳ ಹೆಗಲ ಮೇಲೆ ನಿಂತಿರುವಾಗ ಅವರ ರಾಜ್ಯ ಸರ್ಕಾರಗಳನ್ನು ಕೆಡವೋಕೆ ಯಾರಿಗೆ ಧೈರ್ಯ? ರಾಜ್ಯಸಭೆಯ ಸಂಖ್ಯೆಯೂ ಅಡ್ಡ ಬರುತ್ತಿತ್ತು. ತೀರ್ಪು ಮತ್ತು ರಾಜಕೀಯ ಎರಡೂ ಒಟ್ಟಿಗೆ ಬಂದಿದ್ದರಿಂದ 356ರ ಬಳಕೆ ಎದ್ದು ಕಾಣುವಂತೆ ಕಡಿಮೆಯಾಯ್ತು. ವಿಧಿಯ ಮೂಲ ಒಕ್ಕಣೆ ಮಾತ್ರ 1950ರಲ್ಲಿ ಇದ್ದ ಹಾಗೇ ಇದೆ, 'ಬೇರೆ ರೀತಿಯಿಂದ' ಅನ್ನೋ ಪದ ಕೂಡ. ಕೋಡ್ ಬದಲಾಗಲಿಲ್ಲ, ರಿವ್ಯೂ ಮಾಡುವವರು ಬಂದರು.

ಹಾಗಾದರೆ ರೆಸಾರ್ಟುಗಳು? ಅದೂ ಇದೇ ಕಥೆಯ ಇನ್ನೊಂದು ಮುಖ. ಶಾಸಕರನ್ನು ಬಚ್ಚಿಡೋದು ಹೊಸದೇನಲ್ಲ. 1984ರಲ್ಲಿ ಎನ್‌ಟಿಆರ್ ಸರ್ಕಾರವನ್ನು ರಾಜ್ಯಪಾಲರು ಕೆಡವಿದಾಗ ಅವರ ಶಾಸಕರನ್ನು ಹೆಗಡೆಯವರ ಕರ್ನಾಟಕದಲ್ಲೇ ಕಾಪಾಡಲಾಗಿತ್ತು. ಆದರೆ ಎಣಿಕೆ ಸದನದಲ್ಲೇ ಆಗಬೇಕು ಅಂತಾದ ಮೇಲೆ ಎಣಿಕೆಗೆ ಮುಂಚಿನ ದಿನಗಳ ಬೆಲೆ ಏರಿತು. ಮೊದಲು ಒಬ್ಬ ರಾಜ್ಯಪಾಲರನ್ನು ಒಲಿಸಿಕೊಂಡರೆ ಸಾಕಿತ್ತು, ಈಗ ಹತ್ತು ಹದಿನೈದು ಶಾಸಕರನ್ನು ಒಲಿಸಬೇಕು. 2018ರ ಮೇನಲ್ಲಿ 104 ಸ್ಥಾನದ ಬಿಜೆಪಿಗೆ ಬಹುಮತ ತೋರಿಸೋಕೆ ರಾಜ್ಯಪಾಲರು ಹದಿನೈದು ದಿನ ಕೊಟ್ಟರು. ಸುಪ್ರೀಂ ಕೋರ್ಟು ನಡುರಾತ್ರಿ ಬಾಗಿಲು ತೆಗೆದು ವಿಚಾರಣೆ ಮಾಡಿ, ಆಮೇಲೆ ಮೇ 19ರ ಸಂಜೆ ನಾಲ್ಕಕ್ಕೇ ಪರೀಕ್ಷೆ ಆಗಲಿ ಅಂದಿತು. ಯಡಿಯೂರಪ್ಪ ಮತಕ್ಕೂ ಮುಂಚೆ ರಾಜೀನಾಮೆ ಕೊಟ್ಟರು. ಮರುವರ್ಷ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99ಕ್ಕೆ 105 ಅಂತ ಸದನದಲ್ಲೇ ಬಿತ್ತು. ಅದರ ಹಿಂದಿನ ರಾಜೀನಾಮೆಗಳ ಬಗ್ಗೆ ನಿಮಗೆ ಏನೇ ಅಭಿಪ್ರಾಯ ಇರಲಿ, ಯಾರು ಎಲ್ಲಿ ನಿಂತರು ಅಂತ ಇಡೀ ರಾಜ್ಯ ನೋಡಿತು. 1989ರಲ್ಲಿ ಅದನ್ನು ನೋಡೋ ಅವಕಾಶ ಯಾರಿಗೂ ಇರಲಿಲ್ಲ.

ಕೇಂದ್ರದ ಹಿಡಿತ ಪೂರ್ತಿ ಸಡಿಲವಾಯ್ತು ಅಂತಲೂ ಅಲ್ಲ. ಅದು ಸರ್ಕಾರ ಕೆಡವೋದರಿಂದ ಹಣದ ಕಡೆಗೆ ವಾಲಿದೆ. ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ಭಾಗದ ತೂಕ, ತೀರ್ಮಾನ ಆಗೋಕೆ ನಾಲ್ಕನೇ ಮೂರು ಭಾಗ ಬೇಕು. ಅಂದರೆ ಎಲ್ಲಾ ರಾಜ್ಯಗಳು ಒಂದಾದರೂ ಕೇಂದ್ರ ಒಪ್ಪದೆ ಏನೂ ಆಗಲ್ಲ. ಕೇಂದ್ರ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಪಾಲಿನಲ್ಲಿ ಕರ್ನಾಟಕದ ಭಾಗ 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. ಬಡ ರಾಜ್ಯಗಳಿಗೆ ಹೆಚ್ಚು ಹೋಗಬೇಕು ಅನ್ನೋದಕ್ಕೆ ಅದರದ್ದೇ ನ್ಯಾಯ ಇದೆ, ಅದು ಬೇರೆ ಚರ್ಚೆ. ಆದರೆ ಇಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಮುಖಪುಟಕ್ಕೆ ಬರೋ ಘೋಷಣೆ ಇಲ್ಲ, ವಜಾ ಆದ ಮುಖ್ಯಮಂತ್ರಿ ಇಲ್ಲ. ಹಾಗಾಗಿ ನಮ್ಮ ಗಮನಕ್ಕೂ ಬರಲ್ಲ.

ಇನ್ನೊಂದು ಮಾತು ಹೇಳಲೇಬೇಕು, ಯಾಕಂದರೆ ಇದು ನಮ್ಮ ಮನೆ ಮುಂದಿನ ರಸ್ತೆಯ ವಿಷಯ. ದೆಹಲಿ ನಮ್ಮ ಮೇಲೆ ಸವಾರಿ ಮಾಡುತ್ತೆ ಅಂತ ಬೆಂಗಳೂರು ಯಾವಾಗಲೂ ಹೇಳುತ್ತೆ, ಅದು ನಿಜವೂ ಹೌದು. ಆದರೆ ಇದೇ ಬೆಂಗಳೂರಿನ ಬಿಬಿಎಂಪಿ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆಡಳಿತಾಧಿಕಾರಿ ಬಂದು ಕೂತರು. ಬಿಜೆಪಿ ಸರ್ಕಾರ ಹೋಯಿತು, ಕಾಂಗ್ರೆಸ್ ಸರ್ಕಾರ ಬಂತು, ಕಾರ್ಪೊರೇಟರ್ ಮಾತ್ರ ಬರಲಿಲ್ಲ. ರಾಜ್ಯಕ್ಕೆ ಕೇಂದ್ರ ಏನು ಮಾಡಿದರೆ ಅನ್ಯಾಯವೋ, ಅದನ್ನೇ ನಗರಕ್ಕೆ ರಾಜ್ಯ ಮಾಡಿದಾಗ ಅದಕ್ಕೆ ಹೆಸರೂ ಇಲ್ಲ, ಬೊಮ್ಮಾಯಿಯಂಥ ಅರ್ಜಿದಾರರ ಹೆಸರು ಹೊತ್ತ ಕೇಸೂ ನಮ್ಮ ಬಾಯಲ್ಲಿಲ್ಲ.

ಬೊಮ್ಮಾಯಿ ತೀರಿಕೊಂಡಿದ್ದು 2007ರ ಅಕ್ಟೋಬರ್ 10ರಂದು. ಅದರ ಹಿಂದಿನ ದಿನವಷ್ಟೇ ಕರ್ನಾಟಕದಲ್ಲಿ ಮತ್ತೆ ರಾಷ್ಟ್ರಪತಿ ಆಳ್ವಿಕೆ ಬಂದಿತ್ತು. ಜೆಡಿಎಸ್ ಮತ್ತು ಬಿಜೆಪಿ ನಡುವಿನ ಇಪ್ಪತ್ತು ತಿಂಗಳ ಒಪ್ಪಂದ ಮುರಿದು ಸರ್ಕಾರ ಕುಸಿದಿತ್ತು. ಆದರೆ ಈ ಸಲ ವಿಧಾನಸಭೆಯನ್ನು ಅವಸರದಲ್ಲಿ ವಿಸರ್ಜಿಸಲಿಲ್ಲ, ಅಮಾನತಿನಲ್ಲಿಟ್ಟರು. ಒಂದು ತಿಂಗಳಿಗೆ ಅದೇ ಸದನದಿಂದ ಇನ್ನೊಂದು ಸರ್ಕಾರ ಹುಟ್ಟಿತು, ಅದು ಒಂದು ವಾರಕ್ಕಿಂತ ಹೆಚ್ಚು ಬಾಳಲಿಲ್ಲ ಅನ್ನೋದು ಬೇರೆ ಮಾತು. ಆಗ ಟೀವಿ ಮುಂದೆ ಕೂತು ನಕ್ಕವರು ಬಹಳ ಜನ. ಆ ಒಂದು ತಿಂಗಳು ಸದನ ಉಸಿರಾಡುತ್ತಿತ್ತಲ್ಲ, ಅದು ಹುಬ್ಬಳ್ಳಿಯ ಆ ವಕೀಲರು ತಮಗಾಗಿ ಕೇಳಿ, ತಮಗೆ ಸಿಗದೆ ಹೋದ ಸೌಲಭ್ಯ.